ನೆಟ್‌ವರ್ಕ್ ಯಾರದು, ಕೆರೆ ಯಾರದು?



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

2025ರ ಐಪಿಎಲ್ ನಡೀತಿದ್ದ ದಿನಗಳು. ಆರ್‌ಸಿಬಿ ಮ್ಯಾಚ್ ಇದ್ದ ಒಂದು ರಾತ್ರಿ ವಿ.ವಿ.ಪುರಂ ತಿಂಡಿ ಬೀದಿಯಲ್ಲಿದ್ದೆ. ನಿಮಗೆ ಗೊತ್ತಲ್ಲ ಆ ಬೀದಿ. ಒಂದು ಕಡೆ ದೋಸೆ, ಒಂದು ಕಡೆ ಹೋಳಿಗೆ, ಕಾಲಿಡೋಕೆ ಜಾಗ ಇಲ್ಲ. ಅವತ್ತು ನೋಡಿದ್ರೆ ಜನರ ಒಂದು ಕೈಲಿ ತಟ್ಟೆ, ಇನ್ನೊಂದು ಕೈಲಿ ಫೋನ್. ಎಲ್ಲಾ ಫೋನಲ್ಲೂ ಅದೇ ಮ್ಯಾಚ್, ಅದೇ ಆ್ಯಪ್. ಒಬ್ಬರ ಫೋನಲ್ಲಿ ಸಿಕ್ಸರ್ ಹೊಡೆದು ಆರೇಳು ಸೆಕೆಂಡ್ ಆದ್ಮೇಲೆ ಪಕ್ಕದವರ ಫೋನಲ್ಲಿ ಸಿಕ್ಸರ್. ಇಡೀ ಬೀದಿ ಕಂತು ಕಂತಾಗಿ ಕೂಗ್ತಾ ಇತ್ತು.

ಅಲ್ಲಿಂದ ಸಜ್ಜನ್ ರಾವ್ ಸರ್ಕಲ್ ದಾಟಿ ಪಕ್ಕದ ರಸ್ತೆಗೆ ಬಂದೆ. ಐದಾರು ಹುಡುಗರು ಫುಟ್‌ಪಾತ್ ಅಗೀತಿದ್ರು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಪೈಪಿನ ದೊಡ್ಡ ಸುರುಳಿ. ಕೇಬಲ್ ಕೆಲಸ. ರಾತ್ರಿನೇ ಅಗೀಬೇಕು, ಬೆಳಿಗ್ಗೆ ಅಷ್ಟರಲ್ಲಿ ಮುಚ್ಚಬೇಕು. ನನ್ನ ಕೈಲಿ ಫೋನ್ ನೋಡಿ ಒಬ್ಬ ಕೇಳಿದ, "ಅಣ್ಣಾ, ಸ್ಕೋರ್ ಎಷ್ಟಾಗ್ಯದ್ರಿ?"

ಹೇಳಿದೆ. ಮಾತಿಗೆ ನಿಂತೆ. ರಾಯಚೂರು ಕಡೆಯವನು. "ಯಾವ ಕಂಪನಿ ಕೇಬಲ್ ತಮ್ಮಾ ಇದು?" ಅಂದೆ. "ಗೊತ್ತಿಲ್ರಿ, ಮೇಸ್ತ್ರಿ ಕರ್ಕೊಂಡ್ ಬಂದಾನ್ರಿ" ಅಂದ. ಮೇಸ್ತ್ರಿಗೂ ಕಂಪನಿ ಗೊತ್ತಿಲ್ಲ, ಅವನಿಗೆ ಗೊತ್ತಿರೋದು ಸಬ್‌ಕಂಟ್ರಾಕ್ಟರ್ ನಂಬರ್ ಮಾತ್ರ. "ನಿನ್ನ ಫೋನಲ್ಲಿ ಮ್ಯಾಚ್ ಬರಲ್ವಾ?" ಅಂದಿದ್ದಕ್ಕೆ ನಗ್ತಾ ಫೋನ್ ತೆಗೆದು ತೋರಿಸಿದ. ರೀಚಾರ್ಜ್ ಮುಗಿದು ಮೂರು ದಿನ ಆಗಿತ್ತು. ವಾಲ್‌ಪೇಪರ್‌ನಲ್ಲಿ ಬಾಬಾಸಾಹೇಬರು ಇದ್ದರು.

ಅವತ್ತಿನಿಂದ ಒಂದೇ ಪ್ರಶ್ನೆ ತಲೇಲಿ ಕೊರೀತಿದೆ. ದಾರಿ ಅಗೆಯೋ ಕೈ ನಮ್ಮದು. ಆ ದಾರೀಲಿ ಹರಿಯೋದು ಯಾರ ದನಿ?

ಮೊದಲು ಲೆಕ್ಕ ನೋಡೋಣ. ಕಂಪನಿ ಅಂದ್ರೆ ನಮ್ಮ ಕಣ್ಣಿಗೆ ಕಾಣೋದು ಸಿಮ್ ಮಾತ್ರ. ಅದರ ಹಿಂದೆ ಏನೇನಿದೆ ಅಂತ ಒಂದೊಂದಾಗಿ ಬಿಚ್ಚಬೇಕು.

2010ರಲ್ಲಿ ಇನ್ಫೋಟೆಲ್ ಬ್ರಾಡ್‌ಬ್ಯಾಂಡ್ ಅನ್ನೋ ಸಣ್ಣ ಕಂಪನಿ ಹರಾಜಲ್ಲಿ ದೇಶದ 22 ವಲಯಗಳಿಗೂ ಬ್ರಾಡ್‌ಬ್ಯಾಂಡ್ ತರಂಗಾಂತರ ಗೆಲ್ತು. ಬೆಲೆ ಸುಮಾರು 12,847 ಕೋಟಿ ರೂಪಾಯಿ. ಗೆದ್ದ ದಿನವೇ ರಿಲಯನ್ಸ್ 4,800 ಕೋಟಿ ಹಾಕಿ ಆ ಕಂಪನಿಯ ಶೇ 95ರಷ್ಟು ಪಾಲು ತಗೊಳ್ತು. ಅದೇ ಮುಂದೆ ಜಿಯೋ ಆಯ್ತು. 2016ರ ಸೆಪ್ಟೆಂಬರ್ 5ರಂದು ಶುರುವಾಗಿ ತಿಂಗಳುಗಟ್ಟಲೆ ಎಲ್ಲಾ ಫ್ರೀ ಕೊಟ್ರು. ಆಮೇಲೆ ಏನಾಯ್ತು ಅಂತ ನಾವೆಲ್ಲ ಕಣ್ಣಾರೆ ಕಂಡಿದ್ದೀವಿ. ಏರ್‌ಸೆಲ್ ದಿವಾಳಿ ಎದ್ದಿತು. ಡೊಕೊಮೊ, ಟೆಲಿನಾರ್ ಏರ್‌ಟೆಲ್ ಹೊಟ್ಟೆಗೆ ಹೋದವು. ನಮ್ಮ ಕರ್ನಾಟಕದ ಹಳೇ ಸ್ಪೈಸ್ ಮೊದಲೇ ಐಡಿಯಾ ಆಗಿತ್ತು, 2018ರಲ್ಲಿ ಐಡಿಯಾ-ವೊಡಾಫೋನ್ ಸೇರಿ ಒಂದಾದವು. ಈಗ ಖಾಸಗಿಯಲ್ಲಿ ಗಟ್ಟಿಯಾಗಿ ನಿಂತಿರೋದು ಎರಡೇ ಕಂಪನಿ. ಜಿಯೋ ಒಂದಕ್ಕೇ 46 ಕೋಟಿಗೂ ಹೆಚ್ಚು ಗಿರಾಕಿಗಳು. 2024ರ ಜುಲೈ 3ರಂದು ದರ ಏರಿಸಿದಾಗ 28 ದಿನದ 155 ರೂಪಾಯಿ ಪ್ಲಾನ್ 189 ಆಯ್ತು. ಹಿಂದೆನೇ ಉಳಿದವರೂ ಏರಿಸಿದ್ರು. ಬಿಟ್ಟು ಹೋಗೋಕೆ ಜಾಗ ಎಲ್ಲಿತ್ತು?

ಇದು ಕೊಳವೆಯ ಕಥೆ. ಇನ್ನು ಕೊಳವೇಲಿ ಹರಿಯೋ ನೀರಿನ ಕಥೆ.

2000ದಲ್ಲಿ ಈಟಿವಿ ಕನ್ನಡ ಬಂತು. ನಮ್ಮ ಕೇರಿಗಳಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿವಿ ಮುಂದೆ ಕೂತು ಅದರ ಧಾರಾವಾಹಿ ನೋಡಿ ಬೆಳೆದವರು ನಾವು. 2012ರ ಜನವರಿಯಲ್ಲಿ ಒಂದು ವ್ಯವಹಾರ ಘೋಷಣೆ ಆಯ್ತು. ಈಟಿವಿ ಚಾನೆಲ್‌ಗಳಲ್ಲಿ ರಿಲಯನ್ಸ್‌ಗೆ ಇದ್ದ ಪಾಲನ್ನ ಸುಮಾರು 2,100 ಕೋಟಿಗೆ ಟಿವಿ18 ಕೊಳ್ಳೋದು, ಅದಕ್ಕೆ ಬೇಕಾದ ದುಡ್ಡಿನ ಏರ್ಪಾಡಿಗೆ ರಿಲಯನ್ಸ್ ಟ್ರಸ್ಟೇ ಬೆನ್ನಿಗೆ ನಿಲ್ಲೋದು. 2014ರಲ್ಲಿ ಆ ನೆಟ್‌ವರ್ಕ್18 ಗುಂಪೇ ರಿಲಯನ್ಸ್ ಕೈಗೆ ಬಂತು. 2015ರಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಯ್ತು. ಈಟಿವಿ ನ್ಯೂಸ್ ಕನ್ನಡ ನ್ಯೂಸ್18 ಕನ್ನಡ ಆಯ್ತು.

2018ರಲ್ಲಿ ಕೇಬಲ್ ಕಂಪನಿಗಳ ಸರದಿ. ಹಾಥ್‌ವೇ ಮತ್ತು ಡೆನ್, ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲನ್ನ ರಿಲಯನ್ಸ್ ಕೊಂಡುಕೊಳ್ತು.

2022ರಲ್ಲಿ ಐಪಿಎಲ್ ಹರಾಜು. ಐದು ವರ್ಷದ ಟಿವಿ ಹಕ್ಕು 23,575 ಕೋಟಿಗೆ ಸ್ಟಾರ್‌ಗೆ ಹೋಯ್ತು, ಮೊಬೈಲ್ ಹಕ್ಕು 20,500 ಕೋಟಿಗೆ ರಿಲಯನ್ಸ್ ಗುಂಪಿನ ವಯಾಕಾಮ್18ಗೆ. ಆಗ ಇಬ್ಬರೂ ಎದುರಾಳಿಗಳು. 2024ರ ನವೆಂಬರ್ 14ರಂದು ಸ್ಟಾರ್ ಮತ್ತು ವಯಾಕಾಮ್18 ಒಂದೇ ಮನೆ ಆದವು. 70 ಸಾವಿರ ಕೋಟಿ ಮೀರಿದ ಕಂಪನಿ, ನೂರಕ್ಕೂ ಹೆಚ್ಚು ಚಾನೆಲ್. ಡಿಸ್ನಿಗೆ ಶೇ 36.84 ಪಾಲು ಉಳಿದಿದೆ, ಹಿಡಿತ ರಿಲಯನ್ಸ್‌ದು. 2025ರ ಫೆಬ್ರುವರಿ 14ಕ್ಕೆ ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್.

ಕನ್ನಡದವರಿಗೆ ಇದರ ಅರ್ಥ ಏನು? ಒಂದು ಉದಾಹರಣೆ ಸಾಕು. ಬಿಗ್ ಬಾಸ್ ಮೊದಲ ಸೀಸನ್ 2013ರಲ್ಲಿ ಈಟಿವಿ ಕನ್ನಡದಲ್ಲಿ ಬಂತು. ಎರಡನೇದನ್ನ ಸುವರ್ಣ ಹಾರಿಸ್ಕೊಂಡು ಹೋಯ್ತು. ಮೂರನೇದು ಮತ್ತೆ ಕಲರ್ಸ್‌ಗೆ. ಎರಡು ಚಾನೆಲ್ ಒಂದು ಕಾರ್ಯಕ್ರಮಕ್ಕೆ ಹೀಗೆ ಜಗ್ಗಾಡ್ತಿದ್ವು. ಇವತ್ತು ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಮನೆಯ ಮಕ್ಕಳು. ರಿಮೋಟ್ ಒತ್ತಿ ಚಾನೆಲ್ ಬದಲಾಯಿಸಿದ್ರೂ ಯಜಮಾನ ಬದಲಾಗಲ್ಲ.

ಸಿಮ್ ಅವರದು. ಮನೆಗೆ ಬರೋ ಕೇಬಲ್ ಅವರದಿರಬಹುದು. ಆ್ಯಪ್ ಅವರದು. ಧಾರಾವಾಹಿ ಅವರದು, ಸುದ್ದಿ ಅವರದು, ಮ್ಯಾಚ್ ಅವರದು. 299 ರೂಪಾಯಿ ಅಥವಾ ಹೆಚ್ಚು ರೀಚಾರ್ಜ್ ಮಾಡಿಸಿದ್ರೆ 90 ದಿನ ಮ್ಯಾಚ್ ಫ್ರೀ ಅಂತ ಆ ಐಪಿಎಲ್‌ಗೆ ಆಫರ್ ಬಂತಲ್ಲ, ಅದೇ ಈ ಜಾಲದ ಗಂಟು. ಕೊಳವೆ ತಗೊಂಡ್ರೆ ನೀರು ಉಚಿತ, ನೀರು ಬೇಕಂದ್ರೆ ಕೊಳವೆ ತಗೋ.

ಇದು ಹೊಸದೇನಲ್ಲ, ನಮ್ಮ ಬೆಂಗಳೂರಲ್ಲೇ ಇದರ ಹಳೇ ಮಾದರಿ ಇದೆ. ರಾಜೀವ್ ಚಂದ್ರಶೇಖರ್ ಅವರು 1994ರಲ್ಲಿ ಬಿಪಿಎಲ್ ಮೊಬೈಲ್ ಕಟ್ಟಿದ್ರು, 2005ರಲ್ಲಿ ಎಸ್ಸಾರ್ ಗುಂಪಿಗೆ ಮಾರಿದ್ರು. ಅದೇ ವರ್ಷ ಜುಪಿಟರ್ ಕ್ಯಾಪಿಟಲ್ ಶುರುವಾಯ್ತು. ಆಮೇಲೆ ಏಷ್ಯಾನೆಟ್, ಸುವರ್ಣ, ಸುವರ್ಣ ನ್ಯೂಸ್, ಕನ್ನಡಪ್ರಭ. 2006ರಲ್ಲಿ ಕರ್ನಾಟಕದಿಂದ ರಾಜ್ಯಸಭೆ, ಮುಂದೆ ಕೇಂದ್ರ ಮಂತ್ರಿಗಿರಿ. ಫೋನ್, ಬಂಡವಾಳ, ಪತ್ರಿಕೆ, ಸಂಸತ್ತು ಅಂತ ಮೆಟ್ಟಿಲು ಸಾಲಾಗಿ ಜೋಡಿಸಿಟ್ಟ ಹಾಗಿದೆ. ಇದರಲ್ಲಿ ಕಾನೂನು ಮೀರಿದ್ದು ಅಂತ ನಾನೇನೂ ಹೇಳ್ತಿಲ್ಲ. ಕಾನೂನೇ ಇದಕ್ಕೆ ದಾರಿ ಬಿಟ್ಟಿದೆ ಅನ್ನೋದೇ ನನ್ನ ತಕರಾರು. ದೂರಸಂಪರ್ಕ, ಟಿವಿ, ಪತ್ರಿಕೆ ಎಲ್ಲಾ ಒಬ್ಬರ ಕೈಲಿ ಸೇರೋದಕ್ಕೆ ಮಿತಿ ಹಾಕಿ ಅಂತ ಟ್ರಾಯ್ 2009ರಲ್ಲಿ ಶಿಫಾರಸು ಕೊಡ್ತು, 2014ರಲ್ಲಿ ಮತ್ತೆ ಕೊಡ್ತು. 2022ರಲ್ಲಿ ಮತ್ತೊಂದು ಸುತ್ತು ಚರ್ಚೆಗೆ ಕಾಗದ ಬಿಡ್ತು. ಕಾನೂನು ಮಾತ್ರ ಬರಲೇ ಇಲ್ಲ.

ಇಲ್ಲಿವರೆಗಿನ ಮಾತನ್ನ ಎಡಪಂಥದ ಗೆಳೆಯರೂ ಹೇಳ್ತಾರೆ, ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಮಾತಾಡೋ ಮೇಲ್ಜಾತಿ ಉದಾರವಾದಿಗಳೂ ಹೇಳ್ತಾರೆ. ಅವರು ಬಂಡವಾಳದ ಹತ್ತಿರ ಬಂದು ನಿಲ್ಲಿಸ್ತಾರೆ. ನಾವು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಲೇಬೇಕು.

ನಮ್ಮ ಚಿಕ್ಕಪ್ಪ ಟೆಲಿಫೋನ್ ಇಲಾಖೇಲಿ ಲೈನ್‌ಮನ್ ಆಗಿದ್ರು. ನಮ್ಮ ಕೇರಿಗೆ ಸರ್ಕಾರಿ ಸಂಬಳ ಮೊದಲು ಬಂದದ್ದೇ ಆ ಕಂಬದಿಂದ. ಎಸ್‌ಸಿಗೆ ಶೇ 15, ಎಸ್‌ಟಿಗೆ ಶೇ 7.5 ಮೀಸಲಾತಿ ಇದ್ದ ಇಲಾಖೆ ಅದು. 1948ರಲ್ಲಿ ದೂರವಾಣಿನಗರದಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲೂ ಹಾಗೇ, ಮೀಸಲಾತಿ ಇದ್ದ ಕೆಲಸ. ಚಿಕ್ಕಪ್ಪ ಬಸವನಗುಡಿ, ವಿ.ವಿ.ಪುರಂ ಮನೆಗಳಿಗೆ ರಿಪೇರಿಗೆ ಹೋಗ್ತಿದ್ರು. ಅವರು ನಗ್ತಾ ಹೇಳ್ತಿದ್ದ ಮಾತು ಈಗಲೂ ನೆನಪಿದೆ: "ಫೋನ್ ಇಡೋದು ಹಾಲ್‌ನಲ್ಲಿ ಕಣೋ. ಅದಕ್ಕೇ ನನ್ನನ್ನ ಮುಂಬಾಗಿಲಲ್ಲೇ ಒಳಗೆ ಕರೀಬೇಕಿತ್ತು." ಕೆಲವು ಮನೇಲಿ ನೀರು ಕೇಳಿದ್ರೆ ಬೇರೆ ಲೋಟ. ಆದ್ರೂ ಒಳಗೆ ಹೋದ್ರು. ಗುರುತಿನ ಚೀಟಿ ಇತ್ತು, ಯೂನಿಯನ್ ಇತ್ತು, ಪಿಂಚಣಿ ಇತ್ತು. ಅವರ ಮಗಳು ಓದಿ ಟೀಚರ್ ಆದಳು.

2000ದ ಅಕ್ಟೋಬರ್ 1ಕ್ಕೆ ಆ ಇಲಾಖೆ ಬಿಎಸ್‌ಎನ್‌ಎಲ್ ಆಯ್ತು. ಜಿಯೋ 4ಜಿ ಕೊಟ್ಟಿದ್ದು 2016ರಲ್ಲಿ. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡ್ತೀವಿ ಅಂತ ಕೇಂದ್ರ ತೀರ್ಮಾನ ಮಾಡಿದ್ದು 2019ರಲ್ಲಿ, ದೇಶದ ತುಂಬ ಅದು ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಓಟದ ಪಂದ್ಯದಲ್ಲಿ ಒಬ್ಬನ ಕಾಲು ಕಟ್ಟಿ, ಆಮೇಲೆ "ನೋಡಿ, ಸರ್ಕಾರಿ ಕಂಪನಿ ಓಡಲ್ಲ" ಅಂದ ಹಾಗಾಯ್ತು. ಈ ನಡುವೆ 2020ರ ಜನವರಿ ಕೊನೆಗೆ ಸುಮಾರು 78 ಸಾವಿರ ಜನ ಸ್ವಯಂ ನಿವೃತ್ತಿ ತಗೊಂಡು ಹೊರಗೆ ಬಂದ್ರು, ಹೆಚ್ಚುಕಮ್ಮಿ ಅರ್ಧ ಕಂಪನಿ. ಹೋದದ್ದು ಬರೀ ನೌಕರಿ ಅಂದ್ಕೋಬೇಡಿ. ಸಂವಿಧಾನ ನಮಗೆ ಅಂತ ತೆಗೆದಿಟ್ಟಿದ್ದ ಬಾಗಿಲು ಹೋಯ್ತು. ಖಾಸಗಿ ಕಂಪನೀಲಿ ಮೀಸಲಾತಿ ಇಲ್ಲ. ಯಾರೂ ಮೀಸಲಾತಿ ರದ್ದು ಮಾಡಲಿಲ್ಲ ಗೆಳೆಯರೇ, ಮೀಸಲಾತಿ ಇದ್ದ ಕಟ್ಟಡದಿಂದ ಕೆಲಸವನ್ನ ಬೇರೆ ಕಟ್ಟಡಕ್ಕೆ ಸಾಗಿಸಿದ್ರು ಅಷ್ಟೇ.

ಚಿಕ್ಕಪ್ಪ ಗುರುತಿನ ಚೀಟಿ ಹಾಕ್ಕೊಂಡು ಕಂಬ ಹತ್ತಿದ ಅದೇ ಬಡಾವಣೇಲಿ ಇವತ್ತು ರಾಯಚೂರಿನ ಹುಡುಗ ಯಾವ ಕಂಪನಿ ಅಂತಾನೇ ಗೊತ್ತಿಲ್ಲದೆ ಗುಂಡಿ ಅಗೀತಿದ್ದಾನೆ. ಎರಡು ತಲೆಮಾರಲ್ಲಿ ನಾವು ಮುಂದೆ ಹೋದೆವಾ, ಹಿಂದೆ ಬಂದೆವಾ? ನೀವೇ ಹೇಳಿ.

ಇನ್ನು ಮೇಲಿನ ಮಹಡಿ. ದೇಶದ ಒಂದು ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳ ಬಗ್ಗೆ 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಒಂದು ಅಧ್ಯಯನ ಬಂತು. ಶೇ 93ರಷ್ಟು ಜನ ಮೇಲ್ಜಾತಿ, ಎಸ್‌ಸಿ-ಎಸ್‌ಟಿ ಎರಡೂ ಸೇರಿ ಶೇ 3.5. ಸುದ್ದಿಮನೆಗಳ ಬಗ್ಗೆ 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ವರದಿ ಬಂತು. ನೋಡಿದ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಲಿ. ಎಸ್‌ಸಿ-ಎಸ್‌ಟಿ ಎಷ್ಟು ಗೊತ್ತಾ? ಸೊನ್ನೆ. ನಿಜವಾದ ನೆಟ್‌ವರ್ಕ್ ಇದು. ಇದಕ್ಕೆ ಟವರ್ ಬೇಡ, ಸಿಮ್ ಬೇಡ. ಪ್ಲೇಗ್ ಬಂದಾಗ ಬಸವನಗುಡಿ, ಮಲ್ಲೇಶ್ವರಂ ಕಟ್ಟಿ ಜಾತಿವಾರು ನಿವೇಶನ ಹಂಚಿದ ಊರು ನಮ್ಮದು. ಮದುವೆ, ಹಾಸ್ಟೆಲ್, ಕಾಲೇಜು, ಶಿಫಾರಸು ಪತ್ರ, ಮೊದಲ ಕೆಲಸ. ಈ ಲೈನ್ ನೂರು ವರ್ಷದಿಂದ ಒಮ್ಮೆನೂ ಕಟ್ ಆಗಿಲ್ಲ.

ಇದರ ಫಲ ಪರದೆ ಮೇಲೆ ಕಾಣುತ್ತೆ. ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿದೆಯಾ? 2014ರಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣ. 2024ರ ಅಕ್ಟೋಬರ್ 24ರಂದು ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಡ್ತು. ದೇಶದಲ್ಲೇ ಅಪರೂಪದ ತೀರ್ಪು. ಆ ವಾರ ನೀವು ನೋಡಿದ ಟಿವಿ ನೆನಪು ಮಾಡ್ಕೊಳ್ಳಿ. ಎಷ್ಟು ಸಂಜೆ ಚರ್ಚೆ ಆಯ್ತು? ಆ ಚರ್ಚೇಲಿ ಕೂತಿದ್ದ ನಮ್ಮವರು ಎಷ್ಟು ಜನ? ಅದೇ ಒಬ್ಬ ನಟನ ಜೈಲೂಟದ ಬಗ್ಗೆ ಎಷ್ಟು ಸಂಜೆ?

ಈಗ ಒಂದು ಎದುರು ಮಾತು. ನಮ್ಮ ಹುಡುಗರೇ ಕೇಳ್ತಾರೆ: "ಅಣ್ಣಾ, ಜಿಯೋ ಬಂದು ಡೇಟಾ ಅಗ್ಗ ಆಗಿದ್ದಕ್ಕೇ ಅಲ್ವಾ ನಾವು ಇಲ್ಲಿ ಮಾತಾಡ್ತಿರೋದು? ನಮ್ಮ ಯೂಟ್ಯೂಬ್ ಚಾನೆಲ್, ನಮ್ಮ ಗ್ರೂಪು, ಬಾಬಾಸಾಹೇಬರ ಭಾಷಣ ಹಳ್ಳಿ ಹಳ್ಳಿಗೆ ಹೋಗಿದ್ದು ಅದರಿಂದಲೇ ತಾನೆ?"

ಸರಿಯಾದ ಮಾತು. ತಳ್ಳಿ ಹಾಕಲ್ಲ. ಅಟ್ರಾಸಿಟಿ ಆದ ಅರ್ಧ ಗಂಟೇಲಿ ವಿಡಿಯೋ ಜಿಲ್ಲಾ ಕೇಂದ್ರ ಮುಟ್ಟೋದು, ಎಫ್‌ಐಆರ್ ಆಗೋವರೆಗೂ ಸ್ಟೇಷನ್ ಮುಂದಿಂದ ಲೈವ್ ಮಾಡೋದು, ಇದೆಲ್ಲ ಸುಳ್ಳಲ್ಲ. ಟಿವೀಲೂ ಒಂದು ಸಲ ಬಾಗಿಲು ತೆರೀತು. 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾದಾಗ ಏನಾಯ್ತು ನೆನಪಿಸಿಕೊಳ್ಳಿ. ಒಂದು ಧಾರಾವಾಹಿಗೆ ಊರೂರಲ್ಲಿ ಬ್ಯಾನರ್ ಕಟ್ಟಿದ ಜನ ನಾವು. ನಿಲ್ಲಿಸಿ ಅಂತ ಚಾನೆಲ್ ಮುಖ್ಯಸ್ಥರಿಗೆ ಬೆದರಿಕೆ ಬಂದಾಗ ಅವರ ಬೆನ್ನಿಗೆ ನಿಂತವರೂ ನಾವೇ. ನಮ್ಮ ಕಥೆಗೆ ಜನ ಇಲ್ಲ ಅನ್ನೋ ಸಬೂಬು ಅವತ್ತೇ ಸತ್ತುಹೋಯ್ತು.

ಆದ್ರೆ ಅದೂ ಹಿಂದಿಯಿಂದ ಡಬ್ ಆಗಿ ಬಂದದ್ದು. ಪ್ರೇಕ್ಷಕರು ನಾವು, ಗಿರಾಕಿ ನಾವು, ಬ್ಯಾನರ್ ಕಟ್ಟೋರು ನಾವು. ಏನು ತೋರಿಸಬೇಕು ಅಂತ ತೀರ್ಮಾನ ಮಾಡೋ ಕೋಣೇಲಿ ನಾವಿಲ್ಲ. ಅಗ್ಗದ ಡೇಟಾ ಕೊಟ್ಟರು ಅಂತ ಕೈ ಮುಗಿಯೋದಾದ್ರೆ, ಅದು ಊರ ಗೌಡರು ಬೊಗಸೆಗೆ ಎತ್ತರದಿಂದ ನೀರು ಹುಯ್ದರು ಅಂತ ಕೈ ಮುಗಿದ ಹಾಗೆ. ನೀರು ಯಾರದು ಅಂತ ಕೇಳಬೇಕಲ್ವಾ?

ನನ್ನ ಮುಖ್ಯ ಮಾತಿಗೆ ಬಂದೆ. ನೀರು ನಮ್ಮದು.

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ತಮಾಷೆ ಅಂದ್ರೆ ಅದೂ ಕ್ರಿಕೆಟ್ ಪ್ರಸಾರದ ಜಗಳವೇ, ಬಂಗಾಳ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದದ್ದು. ಗಾಳಿಯಲ್ಲಿ ಹರಿಯೋ ತರಂಗಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರದ ಏಕಸ್ವಾಮ್ಯವೂ ಸಲ್ಲ, ಬೇರೆ ಯಾರ ಏಕಸ್ವಾಮ್ಯವೂ ಸಲ್ಲ ಅನ್ನೋದು ಅದರ ತಿರುಳು. 2012ರಲ್ಲಿ 122 2ಜಿ ಲೈಸೆನ್ಸ್ ರದ್ದು ಮಾಡಿದಾಗಲೂ ಇದೇ ತತ್ವ: ತರಂಗಾಂತರ ಜನರ ಸಂಪತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ.

ಕಾಗದದ ಮೇಲೆ ಎಲ್ಲರದು. ಅನುಭವಿಸೋದು ಕೆಲವರು. ಈ ಕಥೆ ನಾವು ಮೊದಲು ಎಲ್ಲಿ ಕೇಳಿದ್ದೀವಿ?

ಮಹಾಡ್‌ನಲ್ಲಿ. ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ಮುಕ್ತ ಅಂತ ಬಾಂಬೆ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿತ್ತು. ಆದ್ರೂ ನಮ್ಮವರು ಚವದಾರ್ ಕೆರೆ ಮುಟ್ಟೋಕೆ ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಕೆರೆಗಿಳಿದು ನೀರು ಮುಟ್ಟಿದ ಮೇಲೇ ಆ ಕಾಗದಕ್ಕೆ ಅರ್ಥ ಬಂದದ್ದು. ತರಂಗಾಂತರ ಇವತ್ತಿನ ಚವದಾರ್ ಕೆರೆ. ಕೆರೆ ಸಾರ್ವಜನಿಕ, ಗುತ್ತಿಗೆ ಹಿಡಿದವನು ಖಾಸಗಿ. ಗುತ್ತಿಗೆ ಕೊಡೋವಾಗ ದುಡ್ಡು ಎಷ್ಟು ಅಂತ ಮಾತ್ರ ಕೇಳಿದ್ರು. ಸ್ಟಾರ್-ವಯಾಕಾಮ್ ಒಂದಾಗೋವಾಗ ಸ್ಪರ್ಧಾ ಆಯೋಗ ಜಾಹೀರಾತುದಾರರಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ತು. ಆ ಚಾನೆಲ್‌ಗಳಲ್ಲಿ ಯಾರ ದನಿ ಇರುತ್ತೆ, ಇರಲ್ಲ ಅನ್ನೋದು ಅದರ ಕೆಲಸದ ವ್ಯಾಪ್ತಿಗೇ ಬರಲ್ಲ. ಹಾಗಾದ್ರೆ ಯಾರ ವ್ಯಾಪ್ತಿಗೆ ಬರುತ್ತೆ? ನಾವು ಕೇಳದಿದ್ರೆ ಯಾರ ವ್ಯಾಪ್ತಿಗೂ ಬರಲ್ಲ.

ಹಾಗಾಗಿ ಬೇಡಿಕೆಗಳನ್ನ ಬರೆದಿಡ್ತೀನಿ. ಸಭೆಗಳಲ್ಲಿ ಚರ್ಚೆ ಮಾಡೋಣ, ತಿದ್ದೋಣ.

ಒಂದು. ಸಾರ್ವಜನಿಕ ತರಂಗಾಂತರ ತಗೊಂಡ ಕಂಪನಿ ತನ್ನ ನೌಕರರು, ಅಧಿಕಾರಿಗಳು, ಸಂಪಾದಕರ ಸಾಮಾಜಿಕ ಹಿನ್ನೆಲೆ ಲೆಕ್ಕವನ್ನ ಪ್ರತಿ ವರ್ಷ ಬಹಿರಂಗ ಮಾಡಬೇಕು. ಹೆಸರು ಬೇಡ, ಸಂಖ್ಯೆ ಸಾಕು.

ಎರಡು. ಲೈಸೆನ್ಸ್ ಷರತ್ತಲ್ಲೇ ಮೀಸಲಾತಿ ಬರಬೇಕು. "ಖಾಸಗಿ" ಅನ್ನೋ ಸಬೂಬು ಇಲ್ಲಿ ನಡೆಯಲ್ಲ, ಕಚ್ಚಾ ಮಾಲು ನಮ್ಮದು. ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಯ ಗುತ್ತಿಗೇಲಿ ಎಸ್‌ಸಿ-ಎಸ್‌ಟಿ ಮೀಸಲಾತಿ ಇದೆ. ಟವರ್, ಕೇಬಲ್ ಗುತ್ತಿಗೆಗೆ ಯಾಕಿಲ್ಲ?

ಮೂರು. ಇದು ದೆಹಲಿಗೆ ಹೋಗಬೇಕಾಗಿಲ್ಲ, ನಮ್ಮ ಊರಲ್ಲೇ ಆಗೋ ಕೆಲಸ. ರಸ್ತೆ ಅಗೆಯೋಕೆ ಅನುಮತಿ ಕೊಡೋದು ಪಾಲಿಕೆ. ಗುಂಡಿ ಪಕ್ಕ ಬೋರ್ಡ್ ಹಾಕಿಸಿ: ಯಾವ ಕಂಪನಿ, ಯಾರು ಗುತ್ತಿಗೆದಾರ, ದಿನಗೂಲಿ ಎಷ್ಟು, ವಿಮೆ ಇದೆಯಾ, ಅಪಘಾತ ಆದ್ರೆ ಯಾರು ಹೊಣೆ. ಅಷ್ಟಿಲ್ಲದೆ ಅನುಮತಿ ಇಲ್ಲ. ವಿ.ವಿ.ಪುರಂ ವಾರ್ಡಿನಿಂದಲೇ ಅರ್ಜಿ ಹಾಕೋಣ.

ನಾಲ್ಕು. ಸಿಮ್, ಕೇಬಲ್, ಚಾನೆಲ್, ಪತ್ರಿಕೆ ಎಲ್ಲಾ ಒಂದೇ ಕೈಲಿ ಸೇರೋದಕ್ಕೆ ಮಿತಿ ಹಾಕೋ ಕಾನೂನು. ಟ್ರಾಯ್ ಶಿಫಾರಸಿನ ದೂಳು ಕೊಡವಿ ಸಾಕು. ಬಿಎಸ್‌ಎನ್‌ಎಲ್‌ನಲ್ಲಿ ಖಾಲಿ ಬಿದ್ದಿರೋ ಬ್ಯಾಕ್‌ಲಾಗ್ ಹುದ್ದೆ ತುಂಬಿ.

ಐದನೇದು ನಮಗೆ ನಾವೇ ಕೇಳ್ಕೋಬೇಕಾದ್ದು. 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ ಬಾಬಾಸಾಹೇಬರ ಹತ್ತಿರ ಬಂಡವಾಳ ಇರಲಿಲ್ಲ. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಆದ್ರೂ ನಿಲ್ಲಲಿಲ್ಲ. ಬಹಿಷ್ಕೃತ ಭಾರತ, ಜನತಾ, ಪ್ರಬುದ್ಧ ಭಾರತ ಅಂತ ಕೊನೇವರೆಗೂ ಪತ್ರಿಕೆ ಮಾಡಿದ್ರು. ನಮ್ಮ ನಾಡಲ್ಲಿ ದಲಿತ ಚಳವಳಿಯ 'ಪಂಚಮ' ಬಂತು. ಇದೇ ಬೆಂಗಳೂರಿಂದ ವಿ.ಟಿ. ರಾಜಶೇಖರ್ 1981ರಲ್ಲಿ 'ದಲಿತ್ ವಾಯ್ಸ್' ಶುರು ಮಾಡಿ ಮೂವತ್ತು ವರ್ಷ ನಡೆಸಿದ್ರು. ಇವತ್ತು ಮೂರು ತಿಂಗಳ ಮ್ಯಾಚ್ ಆ್ಯಪ್‌ಗೆ 149 ರೂಪಾಯಿ ಕೊಡ್ತೀವಿ. ನಮ್ಮ ಪತ್ರಿಕೆಗೆ, ನಮ್ಮ ಹುಡುಗಿಯರು ಕಷ್ಟಪಟ್ಟು ನಡೆಸೋ ಚಾನೆಲ್‌ಗೆ ಅಷ್ಟೇ ದುಡ್ಡು ಕೊಟ್ಟಿದ್ದೀವಾ? ಎದೆ ಮುಟ್ಟಿ ಹೇಳಿ. ನಾನೂ ಎರಡು ವರ್ಷದ ಚಂದಾ ಬಾಕಿ ಇಟ್ಟಿದ್ದೆ. ಇದನ್ನ ಬರೆಯೋಕೆ ಮೊದಲು ಕಟ್ಟಿದೆ.

ಮ್ಯಾಚ್ ನೋಡಬೇಡಿ ಅಂತ ಹೇಳ್ತಿಲ್ಲ. ನಾನೂ ನೋಡ್ತೀನಿ, ಆರ್‌ಸಿಬಿ ಗೆದ್ದಾಗ ಕುಣಿದವನೇ. ಸಿಮ್ ಬಿಸಾಕಿ ಅಂತಲೂ ಅಲ್ಲ. ಕೆರೆ ಬೇಡ ಅಂತ ಬಾಬಾಸಾಹೇಬರು ಹೇಳಲಿಲ್ಲ, ಕೆರೆಗೇ ಇಳಿದ್ರು.

ಅವತ್ತು ರಾತ್ರಿ ಆ ತಮ್ಮನಿಗೆ ನನ್ನ ಹಾಟ್‌ಸ್ಪಾಟ್ ಹಾಕಿ ಕೊಟ್ಟೆ. ಗುದ್ದಲಿ ಪಕ್ಕಕ್ಕಿಟ್ಟು ಎರಡು ಓವರ್ ನೋಡಿದ. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಫೋನ್ ಜೇಬಿಗಿಟ್ಟು ಗುಂಡಿಗೆ ಇಳಿದ. ಬೆಳಿಗ್ಗೆ ಅದೇ ದಾರೀಲಿ ಹೋಗುವಾಗ ನೋಡಿದೆ. ಗುಂಡಿ ಮುಚ್ಚಿತ್ತು, ಮೇಲೆ ಹಸಿ ಮಣ್ಣು. ಕೆಳಗೆ ಕೇಬಲ್ ಮಲಗಿತ್ತು. ಅಗೆದವರು ಯಾರು ಅಂತ ಎಲ್ಲೂ ಬರೆದಿರಲಿಲ್ಲ.

ಬರೆಸೋಣ. ಮೂರನೇ ಬೇಡಿಕೆಯ ಅರ್ಜಿ ಕರಡು ತಯಾರು ಮಾಡ್ತಿದ್ದೀನಿ. ವಿ.ವಿ.ಪುರಂ, ಬಸವನಗುಡಿ, ಚಾಮರಾಜಪೇಟೆ ಕಡೆಯ ಗೆಳೆಯರು ಸಹಿ ಹಾಕೋಕೆ ಸಿದ್ಧ ಇದ್ರೆ ಕೆಳಗೆ ಒಂದು ಮಾತು ಹಾಕಿ.

ಜೈಭೀಮ್.